ಕುರಿಕಿವಿಯ ಹನ್ನೊಂದು ಅಕ್ಷರ

ಸಭೆಗೆ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಮೇಷ್ಟ್ರ ಹೆಂಡತಿ ಸೂರಮ್ಮನವರಿಗೆ, ಅವರ ಪಕ್ಕದಲ್ಲಿರುವ ಭಾವ, ಮೇಷ್ಟ್ರ ಅಣ್ಣ ಮಾರಣ್ಣನವರಿಗೆ ಬೇರೆಯಾಗಿಯೇ ನಮಸ್ಕಾರ. ನಾನು ಕಾಂಚನಾ. ಎರಡು ವರ್ಷದಿಂದ ಈ ಶಾಲೆಯ ತಾತ್ಕಾಲಿಕ ಕನ್ನಡ ಟೀಚರ್. ಅಗಲಿದ ಡ್ರಾಯಿಂಗ್ ಮೇಷ್ಟ್ರು ಬೊಮ್ಮಲಿಂಗಪ್ಪನವರ ಜೊತೆ ಸ್ಟಾಫ್ ರೂಮಿನಲ್ಲಿ ಒಂದೇ ಮೇಜು ಹಂಚಿಕೊಂಡವಳು. ಮೈಕಿನ ಮುಂದೆ ನಿಂತದ್ದು ಇದೇ ಮೊದಲು — ಮಾತು ತಪ್ಪಿದರೆ ಕ್ಷಮಿಸಿ.

ಬೆಳಿಗ್ಗೆ ಒಂದು ಸಣ್ಣ ವಿಷಯ ಕಂಡೆ. ನಾನು ಚಳ್ಳಕೆರೆ ಬಸ್ಸಿಳಿದು ಬಂದಾಗ ಮಾರಣ್ಣನವರು ಶಾಲೆಯ ಜಗಲಿಯಲ್ಲಿ ಕೂತಿದ್ದರು. ಬಿಸಿಯೂಟದ ಗೀತಮ್ಮ ಟೀ ತಂದುಕೊಟ್ಟರು. ಅವರು ಲೋಟ ಸರಿಸಿ, ಎಡಗೈ ಹೀಗೆ ಚಾಚಿ, ಗಂಟಲಿನಿಂದ ಒಂದರ ಹಿಂದೊಂದು ಎರಡು ಸದ್ದು ಮಾಡಿದರು. ಮತ್ತೆ ಕೊಟ್ಟರು, ಮತ್ತೆ ಅದೇ ಸದ್ದು. ಮೂರನೇ ಸಲವೂ ಅದೇ. "ಪಾಪ, ತಮ್ಮ ಹೋದ ಸಂಕ್ಟ. ಗಂಟ್ಲಾಗೆ ಏನೂ ಇಳೀತಿಲ್ಲ," ಎಂದರು ಗೀತಮ್ಮ.

ಆ ಸದ್ದು ನನಗೆ ಗೊತ್ತಿತ್ತು. ಮಾರಣ್ಣನವರು ಏನೋ ಕೇಳುತ್ತಿದ್ದರು. ಗೊತ್ತಿದ್ದೂ ನಾನು — ಸುಮ್ಮನೆ ಒಳಗೆ ಬಂದುಬಿಟ್ಟೆ.

ಏನು ಕೇಳುತ್ತಿದ್ದರು ಎಂದು ಹೇಳುತ್ತೇನೆ. ಅದಕ್ಕೆ ಮುಂಚೆ ಆ ಭಾಷೆಯ ವಿಷಯ ಹೇಳಬೇಕು.

ಮಾರಣ್ಣನವರು ಕುರಿ ಕಾಯ್ದು ತಮ್ಮನನ್ನು ಓದಿಸಿದವರು. ನಿಮಗೆಲ್ಲ ಗೊತ್ತು. ಆರು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಯಾರೇನು ಹೇಳಿದರೂ ತಿಳಿಯುತ್ತದೆ, ತಾವು ಹೇಳಲು ಬರುವುದಿಲ್ಲ. ಆದರೆ ಒಂದು ಸಂಜೆ ಮನೆ ಮುಂದೆ ಯಾರದೋ ಹಿಂಡು ಹೋಗುವಾಗ, ಅವರ ಬಾಯಿಂದ ಕುರಿ ಕರೆಯುವ ಕೂಗು ಬಂತಂತೆ. ಪೂರ್ತಿಯಾಗಿ, ಒಂದಿಷ್ಟೂ ತೊದಲದೆ. ಮೇಷ್ಟ್ರು ಹೇಳಿದ್ದರು: "ಉಣ್ತಾ ಕುಂತಿದ್ದೆ ಕಣಮ್ಮ. ಕೈ ಹಂಗೇ ನಿಂತೋಯ್ತು. ನಮ್ಮಣ್ಣನ ಮಾತು ಹೋಗಿಲ್ಲ, ಕುರಿ ಹಿಂದೆ ಹೋಗೈತೆ ಅಷ್ಟೆ ಅನ್ನಿಸ್ತು."

ಅಣ್ಣನ ಬಾಯಲ್ಲಿ ಉಳಿದ ಸದ್ದುಗಳನ್ನು ಅವರು ಒಂದೊಂದಾಗಿ ಎಣಿಸಿದರು. ಹನ್ನೊಂದು. ಆ ಹನ್ನೊಂದರಲ್ಲೇ ಒಂದು ಭಾಷೆ ಕಟ್ಟಿದರು.

ಬರೆಯುವುದು ಹೇಗೆ? ಮಾರಣ್ಣನವರಿಗೆ ಅ ಆ ಇ ಈ ಬರದು. ಆದರೆ ಕುರಿಯ ಕಿವಿ ನೋಡಿದರೆ ಸಾಕು, ಯಾರ ಮನೆಯದು ಎಂದು ಹೇಳಬಲ್ಲರು. ಒಂದೊಂದು ಮನೆಯವರು ಮರಿಯ ಕಿವಿಗೆ ಒಂದೊಂದು ಥರ ಕಚ್ಚು ಹಾಕುತ್ತಾರಲ್ಲ — ಆ ಗುರುತುಗಳನ್ನೇ ಮೇಷ್ಟ್ರು ಒಂದು ಪುಸ್ತಕದಲ್ಲಿ ಬರೆದು ಅಕ್ಷರ ಮಾಡಿಕೊಂಡರು. ತುದಿ ಕತ್ತರಿಸಿದ ಕಿವಿ ಒಂದು ಅಕ್ಷರ. ಕೆಳಗೆ ಎರಡು ಕಚ್ಚು ಇನ್ನೊಂದು. ನಡುವೆ ತೂತು ಮತ್ತೊಂದು.

ಯರ್ರಪ್ಪನವರು ಇಲ್ಲೇ ಇದ್ದಾರೆ, ನಗುತ್ತಿದ್ದಾರೆ. ಅವರು ಒಂದು ದಿನ ಸ್ಟಾಫ್ ರೂಮಿಗೇ ಜಗಳಕ್ಕೆ ಬಂದಿದ್ದರು. "ಲೇ ಬೊಮ್ಮ, ನಮ್ಮನೆ ಗುರ್ತು ನಿನ್ ಪುಸ್ತಕದಾಗೆ ಯಾಕೈತೆ? ನಾಳೆ ನಮ್ ಕುರಿ ನಿನ್ವು ಅಂಬ್ತೀಯೇನು?" ಮೇಷ್ಟ್ರು ಅವರನ್ನು ಕೂರಿಸಿ ಅರ್ಧ ಗಂಟೆ ವಿವರಿಸಿದರು. ಯರ್ರಪ್ಪನವರು ಎದ್ದು ಹೋಗುವಾಗ ಹೇಳಿದ್ದು: "ಹಂಗಾದ್ರೆ ಮೊದಲ್ನೇ ಅಕ್ಷರ ನಮ್ದೇ ಇರ್ಲಿ." ಹಾಗೇ ಆಯಿತು.

ನಾನು ಕಲಿತದ್ದು ಬರೀ ಕುತೂಹಲದಿಂದ, ಮೇಷ್ಟ್ರ ಮನೆಯ ಪಡಸಾಲೆಯಲ್ಲಿ. ಸಾಹಿತ್ಯ ಓದಿದವಳು, ಸುಲಭ ಅಂದುಕೊಂಡಿದ್ದೆ. ಮೊದಲ ಅಕ್ಷರಕ್ಕೆ ತುಟಿ ಎರಡೂ ಅದುರಬೇಕು. ಮಾರಣ್ಣನವರೇ ಉಚ್ಚಾರಣೆಯ ಗುರು. ಮೇಷ್ಟ್ರು ನನ್ನ ಬಾಯಿ ಮುಂದೆ ಒಂದು ಚೂರು ಕಾಗದ ಹಿಡಿಯುತ್ತಿದ್ದರು: ಕಾಗದ ಅಲುಗಬೇಕು, ಉಗುಳು ಹಾರಬಾರದು. ಎರಡನೆಯದು ನಾಲಿಗೆಯನ್ನು ಅಂಗುಳಿಗೆ ಅಂಟಿಸಿ ಕಿತ್ತಾಗ ಬರುವ 'ಟಕ್'. ಅದೆಂದರೆ 'ಬೇಡ'. ಏಳನೆಯದಕ್ಕೆ ಉಸಿರನ್ನು ಹಲ್ಲಿನ ಸಂದಿಯಲ್ಲಿ ಒಳಗೆಳೆದುಕೊಳ್ಳಬೇಕು. ಒಂಬತ್ತನೆಯದು ಗಂಟಲಿನ ತಳದಿಂದ ಬರುತ್ತದೆ. ನಾಲ್ಕು ತಿಂಗಳು ಒದ್ದಾಡಿದೆ. "ಎಂ.ಎ. ಮಾಡ್ದೋರ ಗಂಟ್ಲು ಬಗ್ಗಲ್ಲ ಬಿಡಮ್ಮ," ಎಂದು ಮೇಷ್ಟ್ರು ನಗುತ್ತಿದ್ದರು. ಸೂರಮ್ಮನವರು ಒಳಗಿನಿಂದ, "ಇಬ್ರು ಕುರಿ ಆಗಿದ್ದು ಸಾಲ್ದು ಅಂತ ಟೀಚರಮ್ಮನ್ನೂ ಸೇರಿಸ್ಕಂಡ್ರಾ?" ಅನ್ನುವರು. ಅಕ್ಕಾ, ಕ್ಷಮಿಸಿ — ಆ ಭಾಷೆಯಲ್ಲಿ ನಿಮಗೂ ಒಂದು ಪದ ಇತ್ತು. ಮುನ್ನುಗ್ಗುವ ಟಗರನ್ನು ತಡೆಯುವ ಸದ್ದು.

ಒಂದು ನಿಯಮವಿತ್ತು. ಗುಡ್ಡದ ಆ ಬದಿ ಈ ಬದಿ ಕುರಿ ಮೇಯಿಸುವವರು ಪಾಲಿಸುವ ನಿಯಮ. ಒಬ್ಬ ಕೂಗಿದರೆ ಇನ್ನೊಬ್ಬ ಮೊದಲು ಅದೇ ಕೂಗನ್ನು ಮರಳಿಸಬೇಕು — ನಿನ್ನ ಕೂಗು ಮುಟ್ಟಿತು ಎಂದು. ಉತ್ತರ ಆಮೇಲೆ. ಮರಳಿಸದಿದ್ದರೆ ಕೂಗಿದವನು ಕೂಗುತ್ತಲೇ ಇರುತ್ತಾನೆ.

ಈಗ ಬೆಳಗಿನ ಮಾತು. ಮಾರಣ್ಣನವರು ಮೂರು ಸಲ ಹೇಳಿದ್ದು ಎರಡು ಅಕ್ಷರ. ಒಂದು, ತಪ್ಪಿಸಿಕೊಂಡ ಕುರಿಯನ್ನು ಹುಡುಕುವ ಕೂಗು: 'ಎಲ್ಲಿ'. ಇನ್ನೊಂದು, ಎಳೆಯ ಮರಿಯನ್ನು ಹತ್ತಿರ ಕರೆಯುವ ಮೆಲುದನಿ. ತಮ್ಮನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

ಸೂರಮ್ಮನವರೇ — ಮಣ್ಣು ಮಾಡುವ ದಿನ ಭಾವನವರನ್ನು ಮೊಳಕಾಲ್ಮುರಿನ ನೆಂಟರ ಮನೆಗೆ ಕಳಿಸಿದಿರಿ. ನೋಡಿದರೆ ತಡೆದುಕೊಳ್ಳಲಾರರು ಎಂದು, ಒಳ್ಳೆಯದಕ್ಕೇ ಕಳಿಸಿದಿರಿ. ತಮ್ಮ ತೀರಿಹೋದದ್ದು ಅವರಿಗೆ ಗೊತ್ತು. ಎಲ್ಲಿ ಮಲಗಿಸಿದ್ದೀರಿ ಎಂದು ಯಾರೂ ತೋರಿಸಿಲ್ಲ. ಹನ್ನೊಂದು ದಿನದಿಂದ ಅವರು ಅದನ್ನೇ ಕೇಳುತ್ತಿದ್ದಾರೆ.

— ಕೂತ್ಕೊಳ್ಳಿ ಅಕ್ಕಾ, ಅಳಬೇಡಿ. ತಪ್ಪು ನಿಮ್ಮದಲ್ಲ. ಗೊತ್ತಿದ್ದವಳು ನಾನು. ಸಭೆ ಮುಗಿದ ಮೇಲೆ ನೀವೇ ಅವರನ್ನು ಮೇಷ್ಟ್ರನ್ನು ಮಲಗಿಸಿದ ಹೊಲಕ್ಕೆ ಕರೆದುಕೊಂಡು ಹೋಗಿ. ಯರ್ರಪ್ಪನವರು ಗಾಡಿ ಕಟ್ಟುತ್ತೇನೆ ಎಂದು ಕೈ ಎತ್ತಿದ್ದಾರೆ.

ನಾನು ಯಾಕೆ ಸುಮ್ಮನಿದ್ದೆ? ನಾಚಿಕೆ. ಜಗಲಿಯಲ್ಲಿ ಹೆಡ್‌ಮಾಸ್ಟರ್ ಇದ್ದರು, ಊರಿನ ಹಿರಿಯರಿದ್ದರು. ಅವರೆಲ್ಲರ ಎದುರು ಟೀಚರಾದವಳು ಕುರಿ ಕೂಗು ಕೂಗುವುದೇ ಎಂದು. ಸೆರಗು ಸರಿಮಾಡಿಕೊಂಡು ಒಳಗೆ ನಡೆದೆ. ನನ್ನ ಬೆನ್ನ ಹಿಂದೆ ಅವರು ಇನ್ನೊಂದು ಸಲ ಕೂಗಿದರು. ಮೇಷ್ಟ್ರು ಇದ್ದಿದ್ದರೆ ಬೈಯುತ್ತಿರಲಿಲ್ಲ. ಕಾಗದದ ಚೂರು ತೆಗೆದು ನನ್ನ ಬಾಯಿ ಮುಂದೆ ಹಿಡಿಯುತ್ತಿದ್ದರು, ಅಷ್ಟೆ.

ಇನ್ನು ಹೆಚ್ಚು ಮಾತಾಡುವುದಿಲ್ಲ. ಬೊಮ್ಮಲಿಂಗಪ್ಪ ಮೇಷ್ಟ್ರಿಗಾಗಿ ದಯವಿಟ್ಟು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನವಾಗಿರೋಣ. ಆ ನಿಮಿಷದಲ್ಲಿ ಮಾರಣ್ಣನವರು ಕೂಗಿದರೆ ಯಾರೂ ಅವರನ್ನು ಸುಮ್ಮನಿರಿಸಬೇಡಿ.

ನನ್ನನ್ನೂ ತಡೆಯಬೇಡಿ. ನಾನು ಮರಳಿ ಕೂಗುತ್ತೇನೆ.