ಬೀಗ ಹಾಕಿದ ಹತ್ತೊಂಬತ್ತು ಮನೆ

ವೇದಿಕೆಯ ಮೇಲಿರುವ ಪ್ರಾಂಶುಪಾಲರೇ, ಶಿಬಿರದ ಮೇಷ್ಟ್ರೇ, ನಾಳೆ ಹಳ್ಳಿಗೆ ಹೊರಟಿರುವ ನಲವತ್ತು ಮಕ್ಕಳೇ, ಅವರನ್ನು ಕಳಿಸಲು ಬಂದಿರುವ ಅಪ್ಪ ಅಮ್ಮಂದಿರೇ, ಈಯಮ್ಮ ಎಷ್ಟು ಹೊತ್ತು ಕೊರೆಯುತ್ತಾಳೋ ಎಂದು ಹಿಂದಿನ ಸಾಲಿನಲ್ಲಿ ಆಕಳಿಸುತ್ತಿರುವ ಸಭಿಕರೇ,

ಎರಡು ಒಳ್ಳೆಯ ಮಾತು ಹೇಳಿ, ಈ ಸಮೀಕ್ಷೆಯ ಹಾಳೆಗಳನ್ನು ಮಕ್ಕಳ ಕೈಗೆ ಕೊಡಿ ಎಂದು ಹಳೆಯ ವಿದ್ಯಾರ್ಥಿನಿಯಾದ ನನ್ನನ್ನು ಕರೆಸಿದ್ದೀರಿ. ಹಾಳೆ ಕೊಡುತ್ತೇನೋ ಇಲ್ಲವೋ, ಆಮೇಲೆ ನೋಡೋಣ. ಒಳ್ಳೆಯ ಮಾತಂತೂ ನನ್ನ ಹತ್ತಿರ ಇಲ್ಲ. ಒಂದು ತಪ್ಪಿದೆ, ಅದನ್ನು ಹೇಳುತ್ತೇನೆ.

ಮೂವತ್ತೊಂದು ವರ್ಷದ ಹಿಂದೆ ನಾನೂ ಇದೇ ಕಾಲೇಜಿನಿಂದ ಹನ್ನೆರಡು ದಿನದ ಶಿಬಿರಕ್ಕೆ ಹೋದೆ. ಊರಿಗೆ ನಲ್ಲಿ ನೀರು ಬರುವುದಿತ್ತು. ಯಾವ ಬೀದಿಯಲ್ಲಿ ಎಷ್ಟು ಜನ ಇದ್ದಾರೆ ಎಂದು ಬರೆದುಕೊಡುವ ಕೆಲಸ ನಮ್ಮದು. ನನ್ನ ಪಾಲಿಗೆ ಬಂದದ್ದು ಕೆಳಗಿನ ಬೀದಿ. ಹತ್ತೊಂಬತ್ತು ಮನೆ, ಹತ್ತೊಂಬತ್ತಕ್ಕೂ ಬೀಗ. ಬೀಗಕ್ಕೆ ಗತಿಯಿಲ್ಲದ ಮನೆಯ ಚಿಲಕಕ್ಕೆ ತಂತಿ ಸುತ್ತಿತ್ತು. ಮೂರು ದಿನ ಹೋದೆ, ನನ್ನ ನಿಷ್ಠೆ ನೋಡಿ! ಮೂರು ದಿನವೂ ಹನ್ನೊಂದರಿಂದ ನಾಲ್ಕರೊಳಗೆ ಹೋದೆ. ಯಾಕೆ? ಐದಕ್ಕೆ ಮೇಷ್ಟ್ರಿಗೆ ಟೀ ಆಗಬೇಕಿತ್ತು. ನಾಲ್ಕನೆಯ ದಿನ ಹತ್ತೊಂಬತ್ತು ಹಾಳೆಯ ಮೇಲೂ ಗುಂಡಗೆ ಬರೆದೆ: ವಾಸವಿಲ್ಲ. ಅಕ್ಷರ ಮುತ್ತಿನಂತಿದೆ ಎಂದು ಮೇಷ್ಟ್ರು ಹಾಳೆ ಎತ್ತಿ ಎಲ್ಲರಿಗೂ ತೋರಿಸಿದರು.

ನಾವು ಮಲಗುತ್ತಿದ್ದ ಶಾಲೆಗೆ ದಿನಾ ಬೆಳಕು ಹರಿಯುವ ಮೊದಲೇ ಒಬ್ಬಾಕೆ ನೀರು ಹೊತ್ತು ತರುತ್ತಿದ್ದಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು. ನಾವು ನೀರಕ್ಕ ಎನ್ನುತ್ತಿದ್ದೆವು. ಹಲ್ಲುಜ್ಜಲು ಅರ್ಧ ಬಕೆಟ್ ಚೆಲ್ಲುತ್ತಿದ್ದ ನನ್ನನ್ನು ನೋಡಿ, "ಏನ್ ತಾಯಿ, ಹಲ್ಲು ಉಜ್ತಿದ್ದೀಯೋ ಗದ್ದೆಗೆ ನೀರು ಹಾಯಿಸ್ತಿದ್ದೀಯೋ?" ಅನ್ನುವಳು. ನಗುತ್ತಿದ್ದೆವು. ಇಷ್ಟು ನಕ್ಕವರು, ಅಕ್ಕಾ ನಿನ್ನ ಮನೆ ಎಲ್ಲಿ ಎಂದು ಒಂದು ದಿನ ಕೇಳಿದೆವಾ? ಕೇಳಲಿಲ್ಲ. ಬಡವರ ಸೇವೆಗೆ ಹೋದವರಿಗೆ ಬಡವರ ಮನೆ ಕೇಳಲು ಪುರುಸೊತ್ತೆಲ್ಲಿ!

ಹನ್ನೊಂದನೆಯ ದಿನ ಆಕೆಯೇ ಕೇಳಿದಳು. "ಊರೆಲ್ಲ ಬರ್ಕೊಂಡ್ಯಂತೆ. ನಮ್ಮ ಬೀದಿಗೆ ಬರಲೇ ಇಲ್ವಲ್ಲ ತಾಯಿ?"

"ಯಾವ ಬೀದಿ ಅಕ್ಕಾ?"

"ಕೆಳಗಿಂದು."

"ಬಂದಿದ್ದೆ. ಬೀಗ ಹಾಕಿತ್ತು."

ಆಕೆ ನಕ್ಕುಬಿಟ್ಟಳು. "ಹಾಕದೆ ಮತ್ತೆ? ನಾವೆಲ್ಲ ಇಟ್ಟಿಗೆ ಗೂಡಿಗೆ ಹೋಗೋರು, ಬರೋದು ದೀಪ ಹಚ್ಚೋ ಹೊತ್ತಿಗೆ. ಜನ ಇರೋ ಮನೆಗೇ ಅಲ್ವೇನವ್ವಾ ಬೀಗ? ಯಾರೂ ಇಲ್ಲದ ಮನೆಗೆ ಯಾರು ಬೀಗ ಹಾಕ್ತಾರೆ?"

ಮೂರು ವರ್ಷ ಕಾಲೇಜು ಕಲಿಸದ್ದನ್ನು ಆಕೆ ನಿಂತ ನಿಲುವಿನಲ್ಲಿ ಹೇಳಿ ಹೊರಟುಹೋದಳು.

ಮೇಷ್ಟ್ರ ಹತ್ತಿರ ಓಡಿದೆ. "ಪಟ್ಟಿ ಟೈಪ್ ಆಗಿದೆ ಮಗೂ, ಒಂದು ಬೀದಿಗೋಸ್ಕರ ಎಲ್ಲಾ ಕೆಡಿಸ್ತೀಯಾ?" ಎಂದರು. ಮರುದಿನ ಸಮಾರೋಪ. ನೀರು ಸರಬರಾಜಿನ ಸಾಹೇಬರು ನನ್ನಿಂದ ಎರಡು ಮೊಳ ದೂರದಲ್ಲಿ, ಪಟ್ಟಿ ಅವರ ತೊಡೆಯ ಮೇಲೆ, ಮೈಕು ನನ್ನ ಕೈಯಲ್ಲಿ. ವಂದನಾರ್ಪಣೆ ನನ್ನದು. ಒಂದು ಮಾತು ಸಾಕಿತ್ತು. ನಾನು ಸಾಹೇಬರಿಗೆ ವಂದಿಸಿದೆ, ಮೇಷ್ಟ್ರಿಗೆ ವಂದಿಸಿದೆ, "ನಮಗಾಗಿ ನೀರು ಹೊತ್ತ ತಾಯಿಗೂ" ವಂದಿಸಿದೆ. ಚಪ್ಪಾಳೆ ಬಿತ್ತು. ದೂರದಲ್ಲಿ ನಿಂತು ನೀರಕ್ಕನೂ ತಟ್ಟಿದಳು. ಆ ಚಪ್ಪಾಳೆ ಇವತ್ತಿಗೂ ನನ್ನ ಕೆನ್ನೆಯ ಮೇಲೆ ಬೀಳುತ್ತಿದೆ.

ಪೈಪು ಕೆಳಗಿನ ಬೀದಿಯ ತಿರುವಿನಲ್ಲೇ ನಿಂತಿತು. ಮೊದಲ ಮನೆಗೆ ಅರವತ್ತು ಹೆಜ್ಜೆ.

ಒಂದು ವರ್ಷ ಕಳೆದ ಮೇಲೆ ಆ ಊರಿಗೆ ಹೋಗಿ ಆಕೆಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ನೀರಕ್ಕ ತನ್ನ ತಲೆಯ ಸಿಂಬಿ ತೆಗೆದು ನನ್ನ ತಲೆಯ ಮೇಲಿಟ್ಟು, ಕೊಡ ಏರಿಸಿ, "ನಡಿ" ಅಂದಳು. ಅರ್ಧ ನೀರು ನನ್ನ ಬೆನ್ನ ಮೇಲೇ ಹೋಯಿತು. "ಅಳಬೇಡ, ಕತ್ತು ಅಲ್ಲಾಡ್ತದೆ. ಅತ್ತರೂ ಕತ್ತು ನೆಟ್ಟಗಿಟ್ಟು ಅಳು" ಅಂದಳು.

ಆಮೇಲೆ ಆ ಬೀದಿಯ ಹೆಂಗಸರ ಜೊತೆ ಖಾಲಿ ಕೊಡ ಇಟ್ಟುಕೊಂಡು ನೀರು ಸರಬರಾಜಿನ ಆಫೀಸಿನ ಬಾಗಿಲಲ್ಲಿ ಕೂತೆ. ಕೂಗಿದೆವು, ಲಾಕಪ್ಪೂ ನೋಡಿದೆವು. ನಾಲ್ಕು ವರ್ಷಕ್ಕೆ ಆ ಅರವತ್ತು ಹೆಜ್ಜೆಯನ್ನು ನೀರು ದಾಟಿತು. ಹೋರಾಟಗಾರ್ತಿ ಎಂದು ಈಗ ನನ್ನನ್ನು ಪರಿಚಯ ಮಾಡಿಕೊಟ್ಟರಲ್ಲ, ಅದು ಹೋರಾಟವಲ್ಲ ಸ್ವಾಮಿ, ಪ್ರಾಯಶ್ಚಿತ್ತ. ನಾನು ಬರೆದ ಒಂದು ಪದವನ್ನು ಐದು ವರ್ಷ ಆಕೆ ತಲೆಯ ಮೇಲೆ ಹೊತ್ತಳು.

ಈಗ ಈ ಹಾಳೆ. ನೀವು ನಲವತ್ತು ಜನರೂ ಕೇಳಿ, ಮೇಲ್ಗಡೆ ಏನು ಅಚ್ಚಾಗಿದೆ? 'ಭೇಟಿಯ ಸಮಯ: ಹನ್ನೊಂದರಿಂದ ನಾಲ್ಕು.' ಮೂವತ್ತೊಂದು ವರ್ಷವಾಯಿತು, ಟೀ ಹೊತ್ತು ಬದಲಾಗಲಿಲ್ಲ! ಪ್ರಾಂಶುಪಾಲರೇ, ಆ ಸಾಲು ಹೊಡೆದುಹಾಕದೆ ಈ ಕಟ್ಟು ನನ್ನ ಕೈ ಬಿಡುವುದಿಲ್ಲ. ಸಿಟ್ಟಾಗಬೇಡಿ, ಮುಂದಿನ ವರ್ಷ ನನ್ನನ್ನು ಕರೆಯದಿದ್ದರೂ ಸರಿ.

ಪೆನ್ನು ತೆಗೆದಿರಾ? ದೊಡ್ಡ ಮನಸ್ಸು ಮಾಡಿದಿರಿ, ಋಣಿ.

ತಗೊಳ್ಳಿ ಮಕ್ಕಳೇ, ಒಬ್ಬೊಬ್ಬರೇ ಬನ್ನಿ. ಬೀಗ ಕಂಡರೆ ಏನೂ ಬರೆಯಬೇಡಿ. ಮೆಟ್ಟಿಲ ಮೇಲೆ ಕೂತುಕೊಳ್ಳಿ. ಕತ್ತಲಾದರೂ ಏಳಬೇಡಿ. ಕೆಲಸ ಮುಗಿಸಿ ಯಾರೋ ಬಂದೇ ಬರುತ್ತಾರೆ. ದಣಿದು ಬಂದಿರುತ್ತಾರೆ, ಎದ್ದು ದಾರಿ ಬಿಡಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆ. ನಮಸ್ಕಾರ.