ನಾಲಿಗೆ ಚಾಚಿದ ಲಿವರ್

ಅದಕ್ಕೇ ಕಣೇ ನಿಸರ್ಗಾ ಹೇಳ್ತಿರೋದು, ಗಡ್ಡೆನೂ ಅಲ್ಲ ಗಿಡ್ಡೆನೂ ಅಲ್ಲ! ಸ್ಕ್ಯಾನ್ ಮಾಡಿ ನೋಡಿದ್ರಲ್ಲ, ನನ್ನ ಲಿವರೇ ಹಂಗಂತೆ. ಬಲಗಡೆ ಕೆಳಕ್ಕೆ ನಾಲಿಗೆ ಚಾಚ್ಕೊಂಡಿದೆ, ಹುಟ್ಟಿದಾಗಿಂದ. ಯಾಕೆ, ನಂಬಿಕೆ ಇಲ್ವಾ? ಆಸ್ಪತ್ರೆ ಒಳಗೆ ನಮ್ಮ ಹಾಸನದ ನರ್ಸು ಇದ್ಲು, ಶಾಂತಾ ಅಂತ. ಡಾಕ್ಟ್ರು ಹೇಳಿದ್ದನ್ನೆಲ್ಲ ಅವಳೇ ಬಿಡಿಸಿ ಹೇಳಿದ್ಲು. ಮೂಗು ಒಬ್ಬೊಬ್ರಿಗೆ ಒಂದೊಂದು ಥರ ಇರಲ್ವಾ, ಲಿವರೂ ಹಂಗೇ. ಕೆಲವರಿಗೆ ಮೇಲೆಲ್ಲ ಗೀರು, ಕೆಲವರಿಗೆ ಎಡಗಡೆ ಭಾಗ ಪುಟ್ಟದು. ಗೊತ್ತಿಲ್ಲದೋರು ಮುಟ್ಟಿ ನೋಡಿ ಗಡ್ಡೆ ಅಂತ ಕತ್ತರಿ ಹಿಡಿದುಬಿಡ್ತಾರಂತೆ!

ಪಾಪ, ಅಳಿಯಂದಿರನ್ನ ಕೊರೊನಾ ಅಂತ ಬಾಗಿಲಲ್ಲೇ ತಡೆದ್ರು. ಧೀರಜ್ ಕಾರಲ್ಲೇ ಕೂತಿದ್ರು. ಹೊರಗೆ ಬಂದವಳೇ "ಎಲ್ಲಾ ಗ್ರ್ಯಾಂಡ್" ಅಂದೆ. ಏನು ಹಂಗೆ ನೋಡ್ತೀಯ? ಚೆನ್ನಾಗಿದೆ ಅನ್ನೋಕೆ ಇಲ್ಲಿಯೋರು ಹಂಗೇ ಅಲ್ವಾ ಅನ್ನೋದು, ನಂಗೂ ಬರುತ್ತಮ್ಮ ಇಲ್ಲಿ ಮಾತು!

ಸರಿ, ಏಳು. ಆಸ್ಪತ್ರೆಯಿಂದ ಬಂದು ನಾನೂ ತಲೆಗೆ ನೀರು ಹಾಕ್ಕೊಂಡಾಯ್ತು, ಮಗೂಗೆ ನೀರು ಕಾದಿದೆ. ಕಿವಿಗೆ ಹತ್ತಿ ಇಟ್ಕೋ. ಈ ಪರದೇಶದಲ್ಲಿ ನಿಮ್ಮ ಟಾಲಾ ಊರೋರೆಲ್ಲ ಹೆತ್ತ ಮಾರನೇ ದಿನವೇ ಪ್ರ್ಯಾಮ್ ತಳ್ಕೊಂಡು ಶಾಪಿಂಗ್ ಸೆಂಟರಿಗೆ ಹೋಗಲಿ, ನನ್ನ ಮಗಳು ಹೋಗಲ್ಲ. ನಾನಿರೋವರೆಗೂ...

ಯಾಕೆ ಏಳ್ತಿಲ್ಲ? ಹೊಲಿಗೆ ನೋವಾ?... ಏನಂದೆ?

ಆಸ್ಪತ್ರೆಯೋರು... ನಿಂಗೇ ಫೋನ್ ಮಾಡಿದ್ರಾ? ಹಾಳಾದ್ದು! ನಿನ್ನ ನಂಬರ್ ಕೊಟ್ಟಿದ್ದು ನಾನೇ.

ಹೂಂ ಕಣೇ, ಇದೆ. ಆ ನಾಲಿಗೆ ತುದೀಲಿ ಬೇರೆ ಏನೋ ಇದೆಯಂತೆ. ಇವತ್ತೇ ಅಡ್ಮಿಟ್ ಆಗಿ ಅಂದ್ರು, ಆಗಲ್ಲ ಅಂದೆ. ಏನೀಗ? ನಿನ್ನ ಬಾಣಂತನ ಯಾರು ಮಾಡ್ತಾರೆ, ಧೀರಜ್ ಮೆಣಸಿನ ಸಾರು ಕಾಯಿಸ್ತಾರಾ? ಮಗೂನ ಕಾಲ್ಮೇಲೆ ಹಾಕ್ಕೊಂಡು ನೀರು ಹಾಕ್ತಾರಾ? ಹೇಳು! ಬಾಣಂತೀನ ಬಿಟ್ಟು ಹೋಗೋ ತಾಯಿ ಅಲ್ಲ ನಾನು. ಯಾರು ಬಂದು ಕರೆದ್ರೂ ಅಷ್ಟೇ...

ಹಂಗೆ ನೋಡಬೇಡ. ಬೈಯೋದಾದ್ರೆ ಬೈದುಬಿಡು, ಹಂಗೆ ಮಾತ್ರ ನೋಡಬೇಡ...

ಬಾಣಂತನಕ್ಕಲ್ಲ ಕಣೇ. ಒಳಗೆ ಹೋದ್ರೆ ಕೊರೊನಾ ಅಂತ ನೋಡೋಕೆ ಯಾರನ್ನೂ ಬಿಡಲ್ವಂತೆ. ನಿನ್ನೂ ಬಿಡಲ್ಲ, ಮಗೂನೂ ತೋರಿಸಲ್ಲ. ಶಾಂತಾ ದಿನಾ ಇರಲ್ಲ. ರಾತ್ರಿ ನೀರು ಬೇಕು ಅಂದ್ರೆ ಯಾರನ್ನ ಕರೀಲಿ, ಯಾವ ಭಾಷೇಲಿ ಕೇಳಲಿ?... ಹೆದರಿಕೊಂಡು ಓಡಿ ಬಂದೆ ಕಣೇ ನಾನು.