ಮಿಸ್ ಐಡಾ ಖಾಲಿ ಮಾಡದ ಮನೆ

ದೀಪ ಇನ್ನೊಂಚೂರು ಸಣ್ಣಗೆ ಮಾಡಿ. ನಂಬೋದು ಬಿಡೋದು ನಿಮಗೆ ಸೇರಿದ್ದು... ಆದರೆ ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನಮ್ಮ ವರ್ಲೀನ್‌ಗೆ, ಅಂದರೆ ನನ್ನ ಚಿಕ್ಕಪ್ಪನ ಮಗಳಿಗೆ, ಇದೇ ಕೆಂಟಕಿಯಲ್ಲಿ, ನಮ್ಮೂರಿನ ಹಳೇ ಗಿರಣಿ ಬೀದಿಯಲ್ಲಿ ಆದದ್ದು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮುಗಿಸಿ ಅವಳು ನಡೆದುಕೊಂಡು ಬರುತ್ತಿದ್ದಳು. ಗಿರಣಿಯ ಹಿಂದೆ ಒಂದು ಹಾಳುಬಾವಿ ಇದೆಯಲ್ಲ, ಮೇಲೆ ಹಲಗೆ ಹೊಡೆದಿದ್ದಾರೆ. ಗಾಳಿ ಬಂದರೆ ಹಲಗೆ ಟಕ್... ಟಕ್... ಅನ್ನುತ್ತೆ. ಅದನ್ನು ದಾಟಿ ತಿರುಗಿದರೆ ಅವಳ ಬಾಡಿಗೆ ಮನೆ. ಕೆಳಗೆ ಓಪಲ್ ಅಜ್ಜಿ, ಮೇಲೆ ವರ್ಲೀನ್ ಮತ್ತು ಪುಟ್ಟ ಮಗಳು ಡಾಟಿ. ಮೇಲಕ್ಕೆ ಹೋಗಲು ಹೊರಗಡೆಯಿಂದ ಮರದ ಮೆಟ್ಟಿಲು.

ಮೆಟ್ಟಿಲ ತುದಿಯಲ್ಲಿ ಯಾರೋ ಕೂತಿದ್ದರು. ಕೋಟು, ಟೋಪಿ, ಕಾಲ ಹತ್ತಿರ ಒಂದು ಸೂಟ್‌ಕೇಸು. ಬಸ್ಸಿಗೆ ಕಾಯುವವರ ಹಾಗೆ.

"ಯಾರದು?"

ಹತ್ತಿರ ಬಂದು ನೋಡಿದರೆ ಮೆಟ್ಟಿಲು ಖಾಲಿ. ಬಾಗಿಲ ಹೊರಗೆ ಪೊರಕೆ ಒರಗಿ ನಿಂತಿತ್ತು. ಅವಳು ಅದನ್ನು ಬೆಳಿಗ್ಗೆ ಒಳಗಿಟ್ಟು ಬೀಗ ಹಾಕಿಕೊಂಡು ಹೋಗಿದ್ದಳು.

ಆ ಪೊರಕೆಯ ವಿಷಯ ಹೇಳಲೇಬೇಕು. ಮನೆ ಬಿಡುವಾಗ ಹಳೇ ಪೊರಕೆಯನ್ನು ಹೊಸ ಮನೆಗೆ ಒಯ್ಯಬಾರದು, ಅಲ್ಲೇ ಬಿಟ್ಟು ಹೋಗಬೇಕು. ಬಂದವರು ಅದನ್ನು ಎಸೆದು ಹೊಸದು ತರಬೇಕು. ನಮ್ಮ ಕಡೆ ಮಕ್ಕಳಿಗೂ ಗೊತ್ತಿರುವ ಮಾತು. ವರ್ಲೀನ್‌ಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಮ್ಮ ವರ್ಲೀನ್ ಕೈ ಬಿಗಿ. ಬಾಗಿಲ ಹಿಂದೆ ಗಟ್ಟಿಮುಟ್ಟಾದ ಪೊರಕೆ ಸಿಕ್ಕಿತಲ್ಲ ಅಂತ, ಬಂದ ದಿನವೇ, ಅದೂ ಕತ್ತಲಾದ ಮೇಲೆ, ಇಡೀ ಮನೆ ಗುಡಿಸಿಬಿಟ್ಟಳು. ಕತ್ತಲಾದ ಮೇಲೆ! ಮಾಡಬಾರದ್ದು ಎರಡೂ ಒಂದೇ ಸಲ.

ಮೆಟ್ಟಿಲ ಮೇಲೆ ಯಾರೋ ಕಂಡ ಆ ರಾತ್ರಿ, ಅಜ್ಜಿಯ ಮನೆಯಿಂದ ಡಾಟಿಯನ್ನು ಎತ್ತಿಕೊಂಡು ಬಂದು ಮಲಗಿಸಿ, ತಾನೂ ಪಕ್ಕದಲ್ಲಿ ಕಾಲು ಇಳಿಬಿಟ್ಟುಕೊಂಡೇ ಉರುಳಿಕೊಂಡಳು. ಕಣ್ಣು ಹತ್ತುವಷ್ಟರಲ್ಲಿ ಅಡುಗೆಮನೆ ಕಡೆಯಿಂದ ಸದ್ದು. ಸರ್... ಸರ್... ಸರ್... ಒಣ ಪೊರಕೆ ಹಲಗೆ ನೆಲದ ಮೇಲೆ ಎಳೆದ ಸದ್ದು. ಮೆಲ್ಲಗೆ ಕೋಣೆಗೆ ಬಂತು. ಮಂಚದ ಹತ್ತಿರ ಬಂದು... ನಿಂತಿತು.

"ಅಮ್ಮಾ," ಡಾಟಿ ಪಿಸುಗುಟ್ಟಿದಳು, "ಕಾಲು ಮೇಲೆ ತಗೋ. ಅವ್ರು ಗುಡಿಸ್ಬೇಕಂತೆ."

ವರ್ಲೀನ್ ಕಾಲು ಎಳೆದುಕೊಂಡಳು. ಸರ್... ಸದ್ದು ಮಂಚದ ಅಡಿಯಲ್ಲಿ ಹಾದು ಬಾಗಿಲ ತನಕ ಹೋಯಿತು. ಝಣ್... ಬೀಗದ ಕೀಗಳ ಸದ್ದು. ಹೊರಗೆ ಮೆಟ್ಟಿಲು ಕಿರ್ ಅಂದಿತು, ಯಾರೋ ಕೂತ ಹಾಗೆ. ಒಂದು ನಿಟ್ಟುಸಿರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಡುಗೆಮನೆಯಿಂದ... ಸರ್... ಬೆಳಗಿನ ತನಕ ಇದೇ. ಮರುದಿನ ಪೊರಕೆಯನ್ನು ಕಸದ ಗಾಡಿಗೆ ಹಾಕಿದಳು. ರಾತ್ರಿ ಅದು ಬಾಗಿಲ ಹತ್ತಿರ ನಿಂತಿತ್ತು.

ಓಡಿಹೋಗಬಹುದಿತ್ತಲ್ಲ ಅಂತೀರಿ. ಎಲ್ಲಿಗೆ? ಕುಡುಕ ಗಂಡನನ್ನು ಬಿಟ್ಟು ಬಂದವಳು ಅವಳು. ಮಗು ಯಾರ ಹತ್ತಿರ ಇರಬೇಕು ಅಂತ ಕೋರ್ಟಿನಲ್ಲಿ ನಡೆಯುತ್ತಿತ್ತು. ನ್ಯಾಯಾಧೀಶರು ಕಡ್ಡಿ ಮುರಿದ ಹಾಗೆ ಹೇಳಿದ್ದರು: "ಒಂದು ಕಡೆ ನೆಲೆಯಾಗಿರಮ್ಮ. ಬರೋ ವರ್ಷಕ್ಕೂ ಮನೆ ಇದೆ ಅಂತ ಮಾಲೀಕರ ಸಹಿ ಇರೋ ಕರಾರು ತಂದು ತೋರ್ಸು. ಆಗ ಮಗು ನಿಂದು." ಮನೆ ಬಿಟ್ಟರೆ ಮಗಳೂ ಹೋದ ಹಾಗೆ. ಡಾಟಿಯೋ, ನಿದ್ದೆಗೆಟ್ಟು ಶಾಲೆಯಲ್ಲಿ ತೂಕಡಿಸುತ್ತಿದ್ದಳು. ನಾಳೆ ಕೋರ್ಟಿನಲ್ಲಿ ಇವಳು ಪೊರಕೆಯ ಕತೆ ಹೇಳಿಬಿಟ್ಟರೆ? ವರ್ಲೀನ್‌ಗೆ ದೆವ್ವಕ್ಕಿಂತ ಆ ಭಯ ಹೆಚ್ಚಾಗಿ ಕಾಡಿತು. ಕೂತರೆ ಕೂರಲಾರಳು, ನಿಂತರೆ ನಿಲ್ಲಲಾರಳು.

ಕೊನೆಗೆ ಓಪಲ್ ಅಜ್ಜಿಯ ಮುಂದೆ ಕೂತು ಅತ್ತುಬಿಟ್ಟಳು. ಅಜ್ಜಿ ಬಾಗಿಲು ಹಾಕಿ ಬಂದಳು.

"ಮಿಸ್ ಐಡಾ ಕಣೇ ಅದು. ನಿನಗಿಂತ ಮುಂಚೆ ಇದ್ದೋಳು. ಮನೆ ಮಾಲೀಕ ಹೋಬರ್ಟ್ ಖಾಲಿ ಮಾಡು ಅಂದ. ಪಾಪ, ಕನ್ನಡಿ ಥರ ಗುಡಿಸಿ ಒರೆಸಿ, ಕೋಟು ಹಾಕ್ಕೊಂಡು, ಕೀ ಹಿಡ್ಕೊಂಡು ಮೆಟ್ಟಿಲ ಮೇಲೆ ಕೂತ್ಲು. ಮನೆ ಬಿಡೋ ದಿನ ಮಾಲೀಕ ಬಂದು, ಬಾಡಿಗೆಯವಳ ಮುಂದೆ ಒಂದೊಂದು ಕೋಣೆ ನೋಡಿ, ಸರಿಯಾಗಿದೆ ಅಂದು ಕೀ ಇಸ್ಕೋಬೇಕಲ್ವಾ?"

"ಬರ್ಲಿಲ್ವಾ?"

"ಬೇಕಂತ್ಲೇ ಬರ್ಲಿಲ್ಲ. ಬಂದ್ರೆ ಮನೆ ಚೊಕ್ಕಟವಾಗಿದೆ ಅಂತ ಒಪ್ಪಬೇಕಾಗತ್ತೆ, ಅಡ್ವಾನ್ಸ್ ವಾಪಸ್ ಕೊಡಬೇಕಾಗತ್ತೆ. ಎಂಜಲು ಕೈಲಿ ಕಾಗೆ ಓಡಿಸೋನಲ್ಲ ಅವನು. ಇವಳು ರಾತ್ರಿಯೆಲ್ಲಾ ಕಾದ್ಲು, ಆ ಚಳೀಲಿ. ನಾನು ಮಗನ ಊರಿಗೆ ಹೋಗಿದ್ದೆ... ಬೆಳಿಗ್ಗೆ ಬಂದು ನೋಡಿದ್ರೆ ಕೂತಲ್ಲೇ ಹೋಗಿದ್ಲು. ಬಲಗೈ ಮುಷ್ಟಿ ಬಿಡಿಸೋಕೆ ಯಾರ ಕೈಲೂ ಆಗ್ಲಿಲ್ಲ. ಕೀ ಸಮೇತ ಮಣ್ಣು ಮಾಡಿದ್ರು. ಆಮೇಲೆ ಹೋಬರ್ಟ್ ಊರಿಗೆಲ್ಲಾ ಹೇಳ್ದ, ಮುದುಕಿ ಮನೆ ಗಲೀಜು ಮಾಡಿಟ್ಟು ಹೋದ್ಲು ಅಂತ."

ವರ್ಲೀನ್ ಕಣ್ಣೊರೆಸಿಕೊಂಡಳು. "ಕೀ ಕೊಡೋ ತನಕ ಮನೆ ಅವಳದ್ದೇ ತಾನೇ ಅಜ್ಜಿ? ಹಾಗಾದ್ರೆ ನಾನು ಇರೋದು ಅವಳ ಮನೇಲಿ."

ಆ ರಾತ್ರಿ ಪೊರಕೆಯ ಸದ್ದು ಬಾಗಿಲಿಗೆ ಬಂದಾಗ ವರ್ಲೀನ್ ಎದ್ದು ಕೈ ಚಾಚಿದಳು. "ಮನೆ ಚೊಕ್ಕಟವಾಗಿದೆ, ಮಿಸ್ ಐಡಾ. ಕೀ ಕೊಡಿ."

ಸದ್ದು ನಿಂತಿತು. ಕಿವಿಯ ಪಕ್ಕದಲ್ಲೇ, ದಣಿದ ದನಿ.

"ಮಾಲೀಕರು ಬರ್ಲಿ, ಮಗಳೇ."

ಮತ್ತೆ ಅಡುಗೆಮನೆಯಿಂದ... ಸರ್... ಸರ್...

ಮರುರಾತ್ರಿ ವರ್ಲೀನ್ ಹೋಬರ್ಟ್‌ಗೆ ಫೋನ್ ಮಾಡಿದಳು. "ಮಿಸ್ಟರ್ ಹೋಬರ್ಟ್, ಬಚ್ಚಲ ಪೈಪು ಒಡೆದಿದೆ. ನೀರು ಗೋಡೆಗೆ ಇಳೀತಿದೆ." ಬಾಡಿಗೆಯವರು ಸತ್ತರೂ ಬರದವನು, ಗೋಡೆಗೆ ನೀರು ಅಂದದ್ದೇ ತಡ, ಚಪ್ಪಲಿಯಲ್ಲೇ ಓಡಿ ಬಂದ.

"ಎಲ್ಲಿ ನೀರು? ಏನಮ್ಮಾ, ನೆಲ ಒಣಗಿದೆ! ಹುಡುಗಾಟಾನಾ?"

ಒಳಗಿನಿಂದ ಸರ್... ಸರ್...

"ಯಾರದು ಒಳಗೆ?" ದನಿ ಇಳಿಯಿತು.

"ನಿಮ್ಮ ಬಾಡಿಗೆಯವ್ರು," ಅಂದಳು ವರ್ಲೀನ್. "ಹಳೇ ಬಾಡಿಗೆಯವ್ರು."

ಅವನು ಗಕ್ಕನೆ ತಿರುಗಿದ. ಬಾಗಿಲಿಗೆ ಅಡ್ಡವಾಗಿ ಒಂದು ಸೂಟ್‌ಕೇಸು. ಅವನು ಬಂದಾಗ ಅದು ಅಲ್ಲಿರಲಿಲ್ಲ. ವರ್ಲೀನ್ ಅವನ ತೋಳು ಹಿಡಿದುಕೊಂಡಳು. ಅಷ್ಟು ಧೈರ್ಯ ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ.

"ಒಂದೊಂದು ಕೋಣೆ ನೋಡಿ. ಬಾಯಿಬಿಟ್ಟು ಹೇಳಿ."

"ಅ... ಅಡುಗೆಮನೆ..."

"ಹೇಗಿದೆ?"

"ಚೊಕ್ಕಟವಾಗಿದೆ."

ಪೊರಕೆಯ ಸದ್ದು ಅವರ ಮುಂದೆ ಮುಂದೆ ಹೋಯಿತು. ಬಚ್ಚಲು... ಚೊಕ್ಕಟವಾಗಿದೆ. ಮಲಗುವ ಕೋಣೆ... ಹೋಬರ್ಟ್ ಅಳುತ್ತಿದ್ದ... ಚೊಕ್ಕಟವಾಗಿದೆ. ಬಾಗಿಲಿಗೆ ಬಂದಾಗ ಪೊರಕೆ ನಿಂತಿತು. ಅವನ ಬಲಗೈ ಮುಂದೆ ಹೋಯಿತು. ಅವನೇ ಚಾಚಿದನೋ, ಯಾರಾದರೂ ಎಳೆದರೋ. ಝಣ್... ಏನೋ ಅಂಗೈಗೆ ಬಿತ್ತು. ಬೆರಳುಗಳು ಮುಚ್ಚಿಕೊಂಡವು.

ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ. ಜೊತೆಗೆ ಸೂಟ್‌ಕೇಸು ಪ್ರತಿ ಮೆಟ್ಟಿಲಿಗೂ ತಗುಲಿ ದಡ್... ದಡ್... ಕೆಳಗೆ ಗೇಟು ಕಿರ್ ಅಂದಿತು. ಆಮೇಲೆ ಬಾವಿಯ ಹಲಗೆ ಮಾತ್ರ.

ಅವತ್ತಿನಿಂದ ಆ ಮನೆಯಲ್ಲಿ ಸದ್ದಿಲ್ಲ. ಡಾಟಿ ಕೈಕಾಲು ಚೆಲ್ಲಿ ಮಲಗುತ್ತಾಳೆ.

ಹೋಬರ್ಟ್ ಕೇಳಿದ ತಕ್ಷಣ ಹೊಸ ಕರಾರು ಮಾಡಿಕೊಟ್ಟ. ನ್ಯಾಯಾಧೀಶರು ಸಹಿ ನೋಡಿ, "ಇದೇನು, ಮಗು ಗೀಚಿದ ಹಾಗಿದೆ?" ಅಂದರಂತೆ. ಅದಕ್ಕೇ ಅವನೇ ಕೋರ್ಟಿಗೆ ಬಂದು ಸಹಿ ತನ್ನದೇ ಅಂತ ಹೇಳಬೇಕಾಯಿತು. ಎಡಗೈಯಲ್ಲಿ ಹಾಕಿದ್ದ. ಡಾಟಿ ಅಮ್ಮನ ಜೊತೆಗೇ ಉಳಿದಳು.

ಬಲಗೈ ಅವತ್ತು ಮುಚ್ಚಿದ್ದು ಇವತ್ತಿಗೂ ಬಿಚ್ಚಿಲ್ಲ. ನರ ಹಿಡಿದಿದೆ ಅಂದರಂತೆ ಡಾಕ್ಟರು. ಇರಬಹುದು. ಆದರೆ ಕಳೆದ ಭಾನುವಾರ ಚರ್ಚಿನ ಊಟದಲ್ಲಿ ಅವನು ನನ್ನ ಎದುರಿಗೇ ಕೂತಿದ್ದ, ಎಡಗೈಯಲ್ಲಿ ಹುರುಳಿಕಾಯಿ ತಿನ್ನುತ್ತಿದ್ದ. ಉಪ್ಪು ಎಳೆದುಕೊಳ್ಳಲು ಬಾಗಿದಾಗ ಆ ಮುಷ್ಟಿ ಮೇಜಿಗೆ ತಗುಲಿತು.

ಒಳಗೆ ಝಣ್ ಅಂದಿತು. ಇದೇ ಕಿವಿಯಲ್ಲಿ ಕೇಳಿದ್ದೇನೆ.